ಗೌಸ್, ಟೆಸ್ಲಾ, ಚದರ ಇಂಚಿಗೆ ಇಷ್ಟು ಗೆರೆ: ಕಾಂತದ ಹಳೆ ಲೆಕ್ಕ, ಹೊಸ ಲೆಕ್ಕ

ಶಿವಮೊಗ್ಗದಂಥ ಊರಿನಲ್ಲಿ ಕಾಂತದ ಬಲವನ್ನು ಮೂರು ಕಡೆ ಮೂರು ಬಗೆಯಲ್ಲಿ ಹೇಳುತ್ತಾರೆ. ಅಕ್ಕಿ ಗಿರಣಿಗೆ ಮೊಳೆ, ತಂತಿಚೂರು ಹಿಡಿಯುವ ಕಾಂತ ಮಾರುವವರ ಕರಪತ್ರದಲ್ಲಿ 10,000 ಗೌಸ್ ಎಂದಿರುತ್ತದೆ. ಆಸ್ಪತ್ರೆಯ ಎಂಆರ್‌ಐ ಯಂತ್ರಕ್ಕೆ ಸಾಮಾನ್ಯವಾಗಿ 1.5 ಟೆಸ್ಲಾ. ಪಂಪ್‌ಸೆಟ್ ಮೋಟರ್ ಸುತ್ತಿಕೊಡುವ ವೈಂಡಿಂಗ್ ಅಂಗಡಿಯಲ್ಲಿ ಹಾಳೆ ಹಳದಿಗಟ್ಟಿದ ಇಂಗ್ಲಿಷ್ ಕೈಪಿಡಿಯೊಂದು ಉಳಿದಿದ್ದರೆ ಅದರಲ್ಲಿ ಕೋರ್‌ಗೆ, ಅಂದರೆ ತಂತಿ ಸುರುಳಿಯೊಳಗಿನ ಕಬ್ಬಿಣದ ತಿರುಳಿಗೆ, ಚದರ ಇಂಚಿಗೆ 75,000 ಗೆರೆ. ಬರೀ ಅಂಕಿ ನೋಡಿ ತೀರ್ಪು ಕೊಟ್ಟರೆ ಕೈಪಿಡಿಗೆ ಮೊದಲ ಸ್ಥಾನ, ಎಂಆರ್‌ಐಗೆ ಕೊನೆಯದು. ಮೂರನ್ನೂ ಟೆಸ್ಲಾಗೆ ತಂದರೆ ಗಿರಣಿಯ ಕಾಂತ 1, ಕೈಪಿಡಿಯ ಕೋರ್ 1.16, ಎಂಆರ್‌ಐ 1.5. ಎಲ್ಲಕ್ಕಿಂತ ಸಣ್ಣ ಅಂಕಿಯೇ ಎಲ್ಲಕ್ಕಿಂತ ಬಲವಾದ ಕ್ಷೇತ್ರದ್ದು.

ಗೌಸ್‌ನಿಂದ ಟೆಸ್ಲಾಗೆ ಹೋಗಲು ಹತ್ತು ಸಾವಿರದಿಂದ ಭಾಗಿಸಿ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು. ಆ ಸಾಲು ಸರಿಯಾಗಿಯೇ ಇದೆ. ಆದರೆ ಜನ ಎಡವುವುದು ಅಲ್ಲಿ ಅಲ್ಲ. ಹಳೆಯ ಸೂತ್ರದೊಳಗೆ ಹೊಸ ಅಂಕಿ ಹಾಕಿದಾಗ, ಗೌಸ್ ಎಂಬ ಒಂದೇ ಹೆಸರನ್ನು ಎರಡು ಮೂರು ಬೇರೆ ರಾಶಿಗಳಿಗೆ ಅಂಟಿಸಿದಾಗ ಲೆಕ್ಕ ಕೆಡುತ್ತದೆ. ಆದ್ದರಿಂದ ಹತ್ತು ಸಾವಿರ ಎಲ್ಲಿಂದ ಬಂತು ಎನ್ನುವುದನ್ನೇ ಮೊದಲು ಬಿಡಿಸೋಣ.

ಫ್ಲಕ್ಸ್ ಅಂದರೆ ಕಾಂತದ ಬಲರೇಖೆಗಳು ಒಟ್ಟು ಎಷ್ಟು ಎನ್ನುವ ಲೆಕ್ಕ. ಫ್ಲಕ್ಸ್ ಸಾಂದ್ರತೆ ಅಂದರೆ ಇಷ್ಟು ಜಾಗಕ್ಕೆ ಎಷ್ಟು ಎನ್ನುವ ಲೆಕ್ಕ. ತೋಟದಲ್ಲಿ ಸಾವಿರ ಅಡಿಕೆ ಮರ ಇವೆ ಎಂದರೆ ಅವು ಒತ್ತಾಗಿವೆಯೋ ದೂರದೂರ ಇವೆಯೋ ತಿಳಿಯದು. 9 ಅಡಿ ಅಂತರದಲ್ಲಿ ನೆಟ್ಟ ತೋಟವಾದರೆ ಎಕರೆಗೆ ಸುಮಾರು 540 ಮರ. ಅದನ್ನೇ ಗುಂಟೆಗೆ ಹದಿಮೂರೂವರೆ ಎಂದರೂ ಆಯಿತು. ಎಕರೆಗೆ 40 ಗುಂಟೆ, ಹಾಗಾಗಿ 40ರಿಂದ ಭಾಗಿಸಿದೆವು. ಒಂದು ಮರವೂ ಅತ್ತಿತ್ತ ಆಗಲಿಲ್ಲ. ಕಾಂತದ ವಿಷಯದಲ್ಲಿ ಇದಕ್ಕಿಂತ ಒಂದು ತೊಡಕು ಹೆಚ್ಚು. ಇಲ್ಲಿ ಜಾಗದ ಅಳತೆಯ ಜೊತೆಗೆ ಎಣಿಸುವ ವಸ್ತುವೂ ಬದಲಾಗುತ್ತದೆ.

ಹಳೆಯ ಪದ್ಧತಿ ಸೆಂಟಿಮೀಟರ್, ಗ್ರಾಂ, ಸೆಕೆಂಡುಗಳದ್ದು, ಸಿಜಿಎಸ್ ಎನ್ನುತ್ತಾರೆ. ಅದರಲ್ಲಿ ಫ್ಲಕ್ಸನ್ನು ಮ್ಯಾಕ್ಸ್‌ವೆಲ್‌ನಲ್ಲಿ ಎಣಿಸುತ್ತಿದ್ದರು. ಎಂಜಿನಿಯರುಗಳು ಗೆರೆ ಎನ್ನುತ್ತಿದ್ದುದೂ ಇದನ್ನೇ: ಒಂದು ಗೆರೆ, ಒಂದು ಮ್ಯಾಕ್ಸ್‌ವೆಲ್. ಒಂದು ಚದರ ಸೆಂಟಿಮೀಟರಿಗೆ ಒಂದು ಮ್ಯಾಕ್ಸ್‌ವೆಲ್ ಆದರೆ ಅದು ಒಂದು ಗೌಸ್. ಹೊಸ ಪದ್ಧತಿಯಲ್ಲಿ ಎಣಿಕೆ ವೆಬರ್‌ನಲ್ಲಿ, ಜಾಗ ಚದರ ಮೀಟರಿನಲ್ಲಿ; ಚದರ ಮೀಟರಿಗೆ ಒಂದು ವೆಬರ್ ಅಂದರೆ ಒಂದು ಟೆಸ್ಲಾ. ಒಂದು ವೆಬರ್‌ಗೆ ಹತ್ತು ಕೋಟಿ ಮ್ಯಾಕ್ಸ್‌ವೆಲ್. ಒಂದು ಚದರ ಮೀಟರಿಗೆ ಹತ್ತು ಸಾವಿರ ಚದರ ಸೆಂಟಿಮೀಟರ್. ಹತ್ತು ಕೋಟಿಯನ್ನು ಹತ್ತು ಸಾವಿರದಿಂದ ಭಾಗಿಸಿದರೆ ಉಳಿಯುವುದು ಹತ್ತು ಸಾವಿರ. ಭಾಜಕವೂ ಉತ್ತರವೂ ಒಂದೇ ಅಂಕಿ ಆಗಿರುವುದು ಕಾಕತಾಳೀಯ; ಎಷ್ಟೋ ವಿದ್ಯಾರ್ಥಿಗಳು ಇದರಿಂದಲೇ ಗೌಸ್‌ನಿಂದ ಟೆಸ್ಲಾ ಬರೀ ಚದರ ಮೀಟರಿನ ಬದಲಾವಣೆ ಎಂದುಕೊಂಡುಬಿಡುತ್ತಾರೆ. ಹಾಗೆ ಅಂದುಕೊಂಡವರು ಭಾಗಿಸಬೇಕಾದ ಕಡೆ ಗುಣಿಸುತ್ತಾರೆ.

ಹತ್ತು ಕೋಟಿಯ ಮೂಲ

ವೆಬರ್‌ಗೆ ಹತ್ತು ಕೋಟಿ ಮ್ಯಾಕ್ಸ್‌ವೆಲ್ ಯಾಕೆ? ಇದರ ಕಾರಣ ಕಾಂತದಲ್ಲಿಲ್ಲ, ವೋಲ್ಟಿನಲ್ಲಿದೆ. ಸಿಜಿಎಸ್ ಪದ್ಧತಿಯಲ್ಲಿ ತಾನಾಗಿ ಹುಟ್ಟುವ ವಿದ್ಯುತ್ ಒತ್ತಡದ ಏಕಮಾನ ತೀರಾ ಚಿಕ್ಕದು. ತಂತಿ ಕಚೇರಿಗಳಲ್ಲಿ ಡೇನಿಯಲ್ ಕೋಶ ಎಂಬ ಬ್ಯಾಟರಿ ಬಳಸುತ್ತಿದ್ದ ಕಾಲದಲ್ಲಿ ಆ ಏಕಮಾನದಲ್ಲಿ ಬರೆಯುವುದೆಂದರೆ ಕೋಟಿಗಟ್ಟಲೆ ಅಂಕಿ. ಹಾಗಾಗಿ ಆ ಚಿಕ್ಕ ಏಕಮಾನದ ಹತ್ತು ಕೋಟಿ ಪಟ್ಟನ್ನು ವೋಲ್ಟ್ ಎಂದು ಕರೆದರು; ಡೇನಿಯಲ್ ಕೋಶದ ಒತ್ತಡ ಅದರಲ್ಲಿ 1.1ರ ಹತ್ತಿರ ಬರುತ್ತದೆ. 1881ರ ಪ್ಯಾರಿಸ್ ವಿದ್ಯುತ್ ಸಮ್ಮೇಳನ ಈ ವೋಲ್ಟಿಗೆ ಒಪ್ಪಿಗೆ ಕೊಟ್ಟಿತು. ಗೌಸ್ ಹಳೆಯ ಸಂಸಾರದಲ್ಲೇ ಉಳಿಯಿತು, ವೋಲ್ಟ್ ಬೇರೆ ಮನೆ ಮಾಡಿತು. ಅಂದಿನಿಂದ ಗೆರೆಗಳಿಂದ ವೋಲ್ಟ್ ಲೆಕ್ಕ ಹಾಕುವ ಪ್ರತಿ ಸೂತ್ರದಲ್ಲೂ ಹತ್ತು ಕೋಟಿ ಎಂಬ ಭಾಜಕ ಕಾಣಿಸಿಕೊಂಡಿತು.

ಜೋಗದ ಜನರೇಟರ್ ಒಳಗೆ ನಡೆಯುವುದನ್ನೇ ಸರಳ ಮಾಡಿ ನೋಡಿ. 1 ಟೆಸ್ಲಾ ಕ್ಷೇತ್ರವನ್ನು 1 ಮೀಟರ್ ಉದ್ದದ ತಂತಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅಡ್ಡ ಹಾಯ್ದರೆ ಅದರಲ್ಲಿ 1 ವೋಲ್ಟ್ ಹುಟ್ಟುತ್ತದೆ. ಒಂದು ಇಂಟು ಒಂದು ಇಂಟು ಒಂದು. ಹಳೆಯ ಲೆಕ್ಕದಲ್ಲಿ ಇದೇ ಸಂಗತಿ 10,000 ಗೌಸ್ × 100 ಸೆಂಟಿಮೀಟರ್ × ಸೆಕೆಂಡಿಗೆ 100 ಸೆಂಟಿಮೀಟರ್. ಗುಣಿಸಿದರೆ ಹತ್ತು ಕೋಟಿ, ಆಮೇಲೆ ಹತ್ತು ಕೋಟಿಯಿಂದ ಭಾಗಿಸಿದರೆ 1 ವೋಲ್ಟ್. ಜೋಗದ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಟೆಸ್ಲಾ ಎಂಬ ಹೆಸರನ್ನು ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಒಪ್ಪಿಕೊಂಡದ್ದು 1960ರಲ್ಲಿ. ಶರಾವತಿಯ ನೀರು ವಿದ್ಯುತ್ ಆಗಲು ಹೆಸರಿಗಾಗಿ ಕಾಯಲಿಲ್ಲ ಎನ್ನುವುದು ಸ್ಪಷ್ಟ. ಆದರೆ ಆ ಪೀಳಿಗೆಯ ಎಂಜಿನಿಯರುಗಳು ಓದಿದ ಪಠ್ಯಗಳೆಲ್ಲ ಹತ್ತು ಕೋಟಿಯ ಭಾಜಕ ಇರುವ ಸೂತ್ರಗಳೇ, ಮತ್ತು ಆ ಪುಸ್ತಕಗಳು ಇವತ್ತಿಗೂ ಕಪಾಟಿನಲ್ಲಿವೆ.

ಟ್ರಾನ್ಸ್‌ಫಾರ್ಮರ್ ಸುತ್ತುವವರಿಗೆ ಬೇಕಾದ ಸೂತ್ರ ಇದು: ವೋಲ್ಟ್ = 4.44 × ಆವರ್ತನ × ಸುತ್ತು × ಫ್ಲಕ್ಸ್. ಫ್ಲಕ್ಸ್ ವೆಬರ್‌ನಲ್ಲಿದ್ದರೆ ಅಷ್ಟಕ್ಕೇ ಮುಗಿಯಿತು. ಗೆರೆಗಳಲ್ಲಿದ್ದರೆ ಕೊನೆಗೆ ಹತ್ತು ಕೋಟಿಯಿಂದ ಭಾಗಿಸಬೇಕು. ಪುಸ್ತಕ ಯಾವ ಕಾಲದ್ದು ಎಂದು ತಿಳಿಯಲು ಮುಖಪುಟ ಹರಿದುಹೋಗಿದ್ದರೂ ಚಿಂತೆಯಿಲ್ಲ, ಈ ಸೂತ್ರದ ಬಾಲ ನೋಡಿದರೆ ಸಾಕು.

ಇಂಚಿನ ಕಾಟ

ಅಮೆರಿಕ, ಇಂಗ್ಲೆಂಡಿನ ಕೈಪಿಡಿಗಳಲ್ಲಿ ಇನ್ನೊಂದು ಮಿಶ್ರತಳಿ ಇದೆ: ಎಣಿಕೆ ಸಿಜಿಎಸ್‌ನ ಗೆರೆಯಲ್ಲಿ, ಜಾಗ ಮಾತ್ರ ಚದರ ಇಂಚಿನಲ್ಲಿ. ಒಂದು ಇಂಚಿಗೆ 2.54 ಸೆಂಟಿಮೀಟರ್, ಆದ್ದರಿಂದ ಒಂದು ಚದರ ಇಂಚಿಗೆ 6.4516 ಚದರ ಸೆಂಟಿಮೀಟರ್. ಚದರ ಇಂಚಿಗೆ ಇಷ್ಟು ಗೆರೆ ಎಂದು ಕೊಟ್ಟಿದ್ದನ್ನು 6.4516ರಿಂದ ಭಾಗಿಸಿದರೆ ಗೌಸ್, 64,516ರಿಂದ ಭಾಗಿಸಿದರೆ ನೇರವಾಗಿ ಟೆಸ್ಲಾ. 75,000 ಗೆರೆ ಅಂದರೆ 11,625 ಗೌಸ್, ಅಂದರೆ 1.1625 ಟೆಸ್ಲಾ. ಕೆಲವು ಕಡೆ ಕಿಲೋಗೆರೆ ಎಂದು ಬರೆದು 75 ಎಂದಷ್ಟೇ ಕೊಟ್ಟಿರುತ್ತಾರೆ. ಆಗ ಭಾಜಕ 64.5.

ಒಂದು ಲೆಕ್ಕ ಕೈಯಾರೆ ಮಾಡೋಣ. 230 ವೋಲ್ಟ್, 50 ಹರ್ಟ್ಸ್‌ನ ಸಣ್ಣ ಟ್ರಾನ್ಸ್‌ಫಾರ್ಮರ್. ಕೋರ್‌ನ ಅಡ್ಡಕೊಯ್ತ 4 ಚದರ ಇಂಚು. ಸ್ಟ್ಯಾಂಪಿಂಗ್ ತಗಡನ್ನು 1.2 ಟೆಸ್ಲಾವರೆಗೆ ದುಡಿಸೋಣ ಎಂದುಕೊಳ್ಳಿ. ಹೊಸ ದಾರಿಯಲ್ಲಿ 4 ಚದರ ಇಂಚು ಅಂದರೆ 0.00258 ಚದರ ಮೀಟರ್. 4.44 × 50 × 1.2 × 0.00258 ಗುಣಿಸಿದರೆ ಒಂದು ಸುತ್ತಿಗೆ 0.687 ವೋಲ್ಟ್. 230ನ್ನು ಅದರಿಂದ ಭಾಗಿಸಿದರೆ ಸುಮಾರು 335 ಸುತ್ತು. ಹಳೆಯ ದಾರಿಯಲ್ಲಿ 1.2 ಟೆಸ್ಲಾ ಅಂದರೆ ಚದರ ಇಂಚಿಗೆ 77,419 ಗೆರೆ. ನಾಲ್ಕು ಚದರ ಇಂಚಿಗೆ 3,09,677 ಗೆರೆ. 4.44 × 50ರಿಂದ ಗುಣಿಸಿ ಹತ್ತು ಕೋಟಿಯಿಂದ ಭಾಗಿಸಿ, ಮತ್ತೆ ಅದೇ 0.687 ವೋಲ್ಟ್, ಅದೇ 335 ಸುತ್ತು. ಎರಡು ದಾರಿಯೂ ಸರಿ. ಒಂದು ದಾರಿಯಲ್ಲಿ ಹೊರಟು ನಡುವೆ ಇನ್ನೊಂದಕ್ಕೆ ಹಾರಿದರೆ ಮಾತ್ರ ತಂತಿ ಸುಡುತ್ತದೆ.

ವೈಂಡಿಂಗ್ ಮಾಡುವ ಅನುಭವಿಗಳು ಇಷ್ಟೆಲ್ಲ ಗುಣಾಕಾರ ಮಾಡುವುದಿಲ್ಲ, ಸುಟ್ಟ ಮೋಟರ್ ಬಿಚ್ಚುವಾಗ ಸುತ್ತು ಎಣಿಸಿಕೊಂಡು ಅಷ್ಟೇ ಸುತ್ತುತ್ತಾರೆ. ಅದು ಜಾಣತನವೇ. ಎಣಿಸಲಾಗದಷ್ಟು ಕರಗಿಹೋದಾಗ, ಇಲ್ಲವೇ ಬೇರೆ ವೋಲ್ಟೇಜಿಗೆ ಬದಲಿಸಬೇಕಾದಾಗ ಸೂತ್ರ ನೆನಪಾಗುತ್ತದೆ.

ಉತ್ತರ ಸರಿಯೇ ಎಂದು ಪರೀಕ್ಷಿಸಲು ಕಬ್ಬಿಣವೇ ಒಂದು ಮಿತಿ ಹಾಕಿಕೊಟ್ಟಿದೆ. ಶುದ್ಧ ಕಬ್ಬಿಣ ತನ್ನಿಂದ ಕೊಡಬಲ್ಲದ್ದು ಸುಮಾರು 2.15 ಟೆಸ್ಲಾ, 21,500 ಗೌಸ್. ಅದರ ಮೇಲೆ ಕರೆಂಟ್ ಎಷ್ಟು ಸುರಿದರೂ ಏರಿಕೆ ಬಲು ನಿಧಾನ. ಟ್ರಾನ್ಸ್‌ಫಾರ್ಮರ್‌ನ ಸಿಲಿಕಾನ್ ಉಕ್ಕನ್ನು ಸಾಮಾನ್ಯವಾಗಿ 1.5ರಿಂದ 1.7 ಟೆಸ್ಲಾದಲ್ಲಿ ದುಡಿಸುತ್ತಾರೆ. ಚದರ ಇಂಚಿನ ಗೆರೆಯಲ್ಲಿ ಹೇಳಿದರೆ ಒಂದು ಲಕ್ಷದ ಆಸುಪಾಸು. ಆದ್ದರಿಂದ ಕಬ್ಬಿಣದ ಕೋರ್‌ಗೆ 7.5 ಟೆಸ್ಲಾ ಎಂದು ಉತ್ತರ ಬಂದರೆ ಚದರ ಇಂಚಿನ ಗೆರೆಯನ್ನು ಗೌಸ್ ಎಂದು ಓದಿದ್ದೀರಿ. 0.18 ಎಂದು ಬಂದರೆ 6.45ರಿಂದ ಎರಡು ಸಲ ಭಾಗಿಸಿದ್ದೀರಿ. ಇಂಥ ತಪ್ಪಿಗೆ ಕ್ಯಾಲ್ಕುಲೇಟರ್ ಅಡ್ಡ ಬರುವುದಿಲ್ಲ, ಕಬ್ಬಿಣ ಬರುತ್ತದೆ.

ಕ್ಷೇತ್ರದ ವರ್ಗ ಬರುವ ಸೂತ್ರಗಳಲ್ಲಿ ಇನ್ನೂ ಎಚ್ಚರ ಬೇಕು. ಉಕ್ಕಿನ ಕಾರ್ಖಾನೆಗಳಲ್ಲಿ ಗುಜರಿ ಎತ್ತುವ ವಿದ್ಯುತ್ಕಾಂತದ ಹಿಡಿತ ಫ್ಲಕ್ಸ್ ಸಾಂದ್ರತೆಯ ವರ್ಗದಂತೆ ಏರುತ್ತದೆ. ಹಳೆಯ ಇಂಚಿನ ಕೈಪಿಡಿಗಳಲ್ಲಿ ಇದಕ್ಕೊಂದು ವಿಚಿತ್ರ ಅಂಕಿ ಕೊಟ್ಟಿರುತ್ತಾರೆ: ಚದರ ಇಂಚಿನ ಗೆರೆಯ ವರ್ಗವನ್ನು 7,21,34,000ದಿಂದ ಭಾಗಿಸಿದರೆ ಚದರ ಇಂಚಿಗೆ ಎಷ್ಟು ಪೌಂಡು ಎಳೆತ ಎಂದು ಸಿಗುತ್ತದೆ. 1 ಟೆಸ್ಲಾಗೆ ಸಮನಾದ 64,516 ಹಾಕಿ ನೋಡಿದರೆ 57.7 ಪೌಂಡು. ಸಿಜಿಎಸ್‌ನಲ್ಲಿ ಗೌಸ್‌ನ ವರ್ಗವನ್ನು 8 ಪೈಯಿಂದ ಭಾಗಿಸಬೇಕು; 10,000 ಹಾಕಿದರೆ ಚದರ ಸೆಂಟಿಮೀಟರಿಗೆ ಸುಮಾರು 40 ಲಕ್ಷ ಡೈನ್ (ಸಿಜಿಎಸ್‌ನ ಬಲದ ಏಕಮಾನ), ಅಂದರೆ 4 ಕಿಲೋಗಿಂತ ತುಸು ಹೆಚ್ಚು. ಹೊಸ ಪದ್ಧತಿಯಲ್ಲಿ ಚದರ ಮೀಟರಿಗೆ 3,98,000 ನ್ಯೂಟನ್. ಮೂರೂ ಒಂದೇ ಎಳೆತ. ಆ ವಿಚಿತ್ರ ಅಂಕಿಯೊಳಗೆ 8 ಪೈ, ಇಂಚು, ಪೌಂಡು, ಡೈನ್ ಎಲ್ಲ ಸೇರಿ ಗಂಟಾಗಿವೆ. ಸಿಜಿಎಸ್ ಸೂತ್ರಕ್ಕೆ ಗೌಸ್ ಬದಲು ಟೆಸ್ಲಾ ಹಾಕಿದರೆ ತಪ್ಪು ಹತ್ತು ಸಾವಿರ ಪಟ್ಟಲ್ಲ, ಹತ್ತು ಕೋಟಿ ಪಟ್ಟು.

ಗೌಸೋ, ಓರ್‌ಸ್ಟೆಡ್ಡೋ

ನಿಜವಾದ ಗೊಂದಲ ಇಲ್ಲಿಂದ. ಸುರುಳಿಯಲ್ಲಿ ಹರಿಯುವ ಕರೆಂಟು ಕೋರನ್ನು ಪ್ರಚೋದಿಸುವ ಕ್ಷೇತ್ರ ಒಂದು. ಪುಸ್ತಕಗಳಲ್ಲಿ ಅದಕ್ಕೆ ಎಚ್ ಎಂಬ ಅಕ್ಷರ. ಪ್ರಚೋದನೆಗೆ ಓಗೊಟ್ಟು ಕೋರ್‌ನಲ್ಲಿ ನಿಲ್ಲುವ ಫ್ಲಕ್ಸ್ ಸಾಂದ್ರತೆ ಇನ್ನೊಂದು, ಅದು ಬಿ. ಸಿಜಿಎಸ್‌ನಲ್ಲಿ ಗಾಳಿಯೊಳಗೆ ಎರಡರ ಅಂಕಿಯೂ ಒಂದೇ ಆಗುವುದರಿಂದ ಹಿಂದಿನವರು ಎರಡಕ್ಕೂ ಗೌಸ್ ಎಂದೇ ಹೇಳುತ್ತಿದ್ದರು. 1930ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ ಇದನ್ನು ಬೇರೆ ಮಾಡಿ, ಗೌಸನ್ನು ಬಿಗೆ ಉಳಿಸಿ, ಎಚ್‌ಗೆ ಓರ್‌ಸ್ಟೆಡ್ ಎಂಬ ಹೆಸರು ಕೊಟ್ಟಿತು. ಅದಕ್ಕೆ ಹಿಂದಿನ ಲೇಖನ ಕೈಗೆ ಸಿಕ್ಕರೆ ಗೌಸ್ ಎಂದು ಬರೆದಿದ್ದು ಯಾವುದನ್ನು ಎಂದು ಸಂದರ್ಭ ನೋಡಿಯೇ ಹೇಳಬೇಕು.

ಗೌಸ್‌ಗೆ ಹತ್ತು ಸಾವಿರದ ಭಾಜಕ ಸಾಕು. ಓರ್‌ಸ್ಟೆಡ್‌ಗೆ ಅದು ನಡೆಯದು. ಒಂದು ಓರ್‌ಸ್ಟೆಡ್ ಅಂದರೆ ಮೀಟರಿಗೆ 79.58 ಆಂಪಿಯರ್, ಸಾವಿರವನ್ನು 4 ಪೈಯಿಂದ ಭಾಗಿಸಿದರೆ ಬರುವ ಅಂಕಿ. ಈ 4 ಪೈ ಹಳೆಯ ಪದ್ಧತಿಯಲ್ಲಿ ಒಂದು ಕಡೆ ಕೂತಿತ್ತು, ಹೊಸದರಲ್ಲಿ ಇನ್ನೊಂದು ಕಡೆ ಹೋಗಿ ಕೂತಿದೆ. ಕಾಂತದ ಏಕಮಾನಗಳ ಬಗ್ಗೆ ಇರುವ ಅರ್ಧ ಸಿಟ್ಟು ಈ 4 ಪೈ ಮೇಲಿನದೇ.

ಹಳೆಯ ಪದ್ಧತಿಯಲ್ಲಿ ಬಿ ಅಂದರೆ ಎಚ್, ಅದಕ್ಕೆ ಕೂಡಿದ 4 ಪೈ ಪಟ್ಟು ವಸ್ತುವಿನ ಕಾಂತೀಕರಣ. ಕೋಣೆಯ ತಾಪದಲ್ಲಿ ಕಬ್ಬಿಣದ ಪೂರ್ಣ ಕಾಂತೀಕರಣ ಘನ ಸೆಂಟಿಮೀಟರಿಗೆ ಸುಮಾರು 1,710 ಸಿಜಿಎಸ್ ಮಾನ. ಕೆಲವು ಹಳೆಯ ಲೇಖನಗಳು ಇದಕ್ಕೂ ಗೌಸ್ ಎಂದೇ ಬರೆದಿವೆ. ಅದನ್ನು ನಂಬಿ ಹತ್ತು ಸಾವಿರದಿಂದ ಭಾಗಿಸಿದರೆ 0.171 ಟೆಸ್ಲಾ, ಮೊದಲು 4 ಪೈಯಿಂದ, ಅಂದರೆ 12.57ರಿಂದ, ಗುಣಿಸಿದರೆ 21,490 ಗೌಸ್, 2.15 ಟೆಸ್ಲಾ. ಮೇಲೆ ಹೇಳಿದ ಕಬ್ಬಿಣದ ಮಿತಿ ಇದೇ. ಸಂಶೋಧನಾ ವಿದ್ಯಾರ್ಥಿಗಳ ಆಲೇಖಗಳಲ್ಲಿ ಹನ್ನೆರಡೂವರೆ ಪಟ್ಟಿನ ವ್ಯತ್ಯಾಸ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಮಾರುಕಟ್ಟೆಯ ನಿಯೋಡೈಮಿಯಂ ಕಾಂತಗಳ ದರ್ಜೆಯಲ್ಲೂ ಹಳೆಯ ಲೆಕ್ಕವೇ ಬದುಕಿದೆ. ಎನ್42 ಎಂಬ ದರ್ಜೆಯ 42 ಬಿ ಮತ್ತು ಎಚ್‌ಗಳ ಗುಣಲಬ್ಧದ ಗರಿಷ್ಠ ಅಂಕಿ. ಏಕಮಾನ ಮೆಗಾ ಗೌಸ್-ಓರ್‌ಸ್ಟೆಡ್. ಹೊಸ ಪದ್ಧತಿಗೆ ತರಲು 7.96ರಿಂದ ಗುಣಿಸಿದರೆ ಘನ ಮೀಟರಿಗೆ ಸುಮಾರು 334 ಕಿಲೋಜೂಲ್. ಇದೇ ಕಾಂತದ ಉಳಿಕೆ ಕಾಂತತ್ವ 1.3 ಟೆಸ್ಲಾ ಹತ್ತಿರ. ಸ್ಪೀಕರಿನ ಹಿಂದಿನ ಕಪ್ಪು ಫೆರೈಟ್ ಬಿಲ್ಲೆಯದು ಸುಮಾರು 0.4. ಆದರೆ 13,000 ಗೌಸ್ ಕಾಂತ ಕೊಂಡೆ ಎಂದು ಮೇಲೆ ಮೀಟರ್ ಇಟ್ಟರೆ ಅಷ್ಟು ತೋರಿಸುವುದಿಲ್ಲ. ಅದು ಕಾಂತದ ವಸ್ತುವಿನೊಳಗಿನ, ಸುತ್ತ ಕಬ್ಬಿಣದಿಂದ ಫ್ಲಕ್ಸ್‌ನ ದಾರಿ ಪೂರ್ತಿ ಮಾಡಿದಾಗಿನ ಅಂಕಿ. ತೆರೆದ ಮೇಲ್ಮೈಯಲ್ಲಿ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ, ಅದೂ ಆಕಾರದ ಮೇಲೆ ನಿಂತಿರುತ್ತದೆ. ಗೌಸ್ ಎಷ್ಟು ಎಂದು ಕೇಳುವ ಮುಂಚೆ ಎಲ್ಲಿ ಅಳೆದದ್ದು ಎಂದು ಕೇಳುವುದು ಒಳ್ಳೆಯದು.

ಹಾಗೆಯೇ ದೊಡ್ಡ ಗೌಸ್ ಎಲ್ಲ ಕೆಲಸಕ್ಕೂ ಬೇಕಿಲ್ಲ. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದ ಅದಿರು ಮುಖ್ಯವಾಗಿ ಮ್ಯಾಗ್ನೆಟೈಟ್. ಅಂಥ ಅದಿರಿನ ಪುಡಿಯನ್ನು ಮರಳಿನಿಂದ ಬೇರ್ಪಡಿಸಲು ಸಾವಿರ ಗೌಸ್ ಆಸುಪಾಸಿನ ಡ್ರಮ್ ಸಾಕಾಗುತ್ತದೆ, 0.1 ಟೆಸ್ಲಾ. ಇನ್ನೊಂದು ಬಗೆಯ ಕಬ್ಬಿಣದ ಅದಿರು ಹೆಮಟೈಟ್ ಆದರೆ ಕಾಂತಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೆ ಹಲವು ಪಟ್ಟು ಬಲ ಬೇಕು.

ಸಣ್ಣ ಕ್ಷೇತ್ರಗಳು

ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 0.4 ಗೌಸ್. ಟೆಸ್ಲಾದಲ್ಲಿ 0.00004 ಎಂದು ಸೊನ್ನೆ ಎಣಿಸುವ ಬದಲು 40 ಮೈಕ್ರೋಟೆಸ್ಲಾ ಎನ್ನುತ್ತಾರೆ. ಮೊಬೈಲಿನ ದಿಕ್ಸೂಚಿ ಸಂವೇದಕದ ಅಂಕಿ ತೋರಿಸುವ ಆ್ಯಪ್ ಹಾಕಿಕೊಂಡು ಬಯಲಲ್ಲಿ ನಿಂತರೆ ಈ 40ರ ಹತ್ತಿರದ ಅಂಕಿಯೇ ಕಾಣಬೇಕು. ಬಾಬಾಬುಡನ್ ಗಿರಿಯಂಥ ಕಬ್ಬಿಣದ ಅದಿರಿನ ಬೆಟ್ಟದಲ್ಲಿ ಹೆಚ್ಚು ಕಡಿಮೆ ಆದೀತು. ಪಿಯುಸಿ ಲೆಕ್ಕಗಳಲ್ಲಿ ಇದನ್ನು ಇವತ್ತಿಗೂ ಗೌಸ್‌ನಲ್ಲಿ ಕೊಡುವುದುಂಟು. ಮಕ್ಕಳು ಅದನ್ನು ಹಾಗೆಯೇ ಹೊಸ ಸೂತ್ರಕ್ಕೆ ಹಾಕಿದರೆ ಭೂಮಿ ಎಂಆರ್‌ಐ ಯಂತ್ರದ ಕಾಲುಭಾಗದಷ್ಟು ಬಲವಾಗಿಬಿಡುತ್ತದೆ.

ಭೂಗರ್ಭ ಸಮೀಕ್ಷೆಯವರ ಹಳೆಯ ನಕ್ಷೆಗಳಲ್ಲಿ ಗಾಮಾ ಎಂಬ ಏಕಮಾನ ಇರುತ್ತದೆ. ಇದೊಂದೇ ಸುಲಭ: ಒಂದು ಗಾಮಾ ಅಂದರೆ ಒಂದು ನ್ಯಾನೋಟೆಸ್ಲಾ, ಅಂಕಿ ಬದಲಿಸುವುದೇ ಬೇಡ. 40 ಮೈಕ್ರೋಟೆಸ್ಲಾ ಅಂದರೆ 40,000 ಗಾಮಾ.

ಕಾರ್ಲ್ ಫ್ರೆಡ್ರಿಕ್ ಗೌಸ್ 1832ರಲ್ಲಿ ಜರ್ಮನಿಯ ಗಟ್ಟಿಂಗೆನ್ ಊರಿನಲ್ಲಿ ಭೂಮಿಯ ಕ್ಷೇತ್ರದ ಸಮತಲ ಭಾಗವನ್ನು ಅಳೆದಾಗ ಬರೆದ ಅಂಕಿ ಸುಮಾರು 1.78. ಇದು ಗೌಸ್ ಅಲ್ಲ! ಅವರು ಬಳಸಿದ್ದು ಮಿಲಿಮೀಟರ್, ಮಿಲಿಗ್ರಾಂ, ಸೆಕೆಂಡು. ಸೆಂಟಿಮೀಟರ್, ಗ್ರಾಂಗಳಿಗೆ ತಂದರೆ ಹತ್ತನೇ ಒಂದು ಭಾಗ, 0.178 ಗೌಸ್. ಗೌಸ್ ಸಾಹೇಬರ ಅಳತೆಯನ್ನೂ ಗೌಸ್‌ಗೆ ಪರಿವರ್ತಿಸಬೇಕು. ನಮ್ಮಲ್ಲಿ ಸಮತಲ ಭಾಗ ಅದರ ಎರಡು ಪಟ್ಟಿಗೂ ಹೆಚ್ಚು, ಯಾಕೆಂದರೆ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಮಲೆನಾಡಿನಲ್ಲಿ ಕ್ಷೇತ್ರ ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರ.

ಶರಾವತಿಯಿಂದ ಹೊರಡುವ 220 ಕಿಲೋವೋಲ್ಟ್ ಲೈನು ತೋಟದ ಮೇಲೆ ಹಾದುಹೋಗುವವರಿಗೆ ಕ್ಷೇತ್ರ ಎಷ್ಟು ಎಂಬ ಆತಂಕ ಸಹಜ. ಅಮೆರಿಕದ ಮೀಟರುಗಳು ಮಿಲಿಗೌಸ್‌ನಲ್ಲಿ ತೋರಿಸುತ್ತವೆ, ಅಂತರರಾಷ್ಟ್ರೀಯ ಮಿತಿಗಳು ಮೈಕ್ರೋಟೆಸ್ಲಾದಲ್ಲಿವೆ. ಇಲ್ಲಿ ಹತ್ತು ಸಾವಿರ ಬೇಡ, ಒಂದು ಮೈಕ್ರೋಟೆಸ್ಲಾಗೆ 10 ಮಿಲಿಗೌಸ್ ಎಂದಿಟ್ಟುಕೊಂಡರೆ ಸಾಕು. ಒಂದೇ ತಂತಿಯಲ್ಲಿ 500 ಆಂಪಿಯರ್ ಹರಿಯುತ್ತಿದೆ, ನೀವು 15 ಮೀಟರ್ ಕೆಳಗಿದ್ದೀರಿ ಎಂದುಕೊಳ್ಳಿ. ಹಳೆಯ ಸೂತ್ರದಲ್ಲಿ 0.2 × 500 ÷ 1,500 ಸೆಂಟಿಮೀಟರ್, ಅಂದರೆ 0.067 ಗೌಸ್, 67 ಮಿಲಿಗೌಸ್. ಹೊಸದರಲ್ಲಿ 6.7 ಮೈಕ್ರೋಟೆಸ್ಲಾ. ನಿಜದ ಲೈನಿನಲ್ಲಿ ಮೂರು ಫೇಸ್‌ಗಳ ಕ್ಷೇತ್ರಗಳು ಒಂದನ್ನೊಂದು ಬಹಳಷ್ಟು ಕಳೆಯುವುದರಿಂದ ಇದಕ್ಕಿಂತ ಕಡಿಮೆಯೇ ಇರುತ್ತದೆ. ಅಯಾನೀಕರಿಸದ ವಿಕಿರಣಗಳಿಂದ ರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಆಯೋಗ 50 ಹರ್ಟ್ಸ್‌ಗೆ ಸಾರ್ವಜನಿಕರ ಮಿತಿಯನ್ನು 1998ರಲ್ಲಿ 100 ಮೈಕ್ರೋಟೆಸ್ಲಾ ಎಂದು ಇಟ್ಟಿತ್ತು, 2010ರಲ್ಲಿ 200 ಮಾಡಿತು. ಮಿಲಿಗೌಸ್‌ನಲ್ಲಿ 2,000. ಮೀಟರಿನಲ್ಲಿ 67 ಎಂದು ನೋಡಿ ಮೈಕ್ರೋಟೆಸ್ಲಾ ಎಂದು ಓದಿಕೊಂಡವರಿಗೆ ಮಿತಿಯ ಮೂರನೇ ಒಂದು ಭಾಗ ಮುಟ್ಟಿದಂತೆ ಕಾಣುತ್ತದೆ. ಸರಿಯಾಗಿ ಓದಿದರೆ ಅದು ಮೂವತ್ತನೇ ಒಂದು ಭಾಗ.